ಪೊಲೀಸರ ದುಡ್ಡು, ಶಾಲೆಯ ದುಡ್ಡು: ಎರಡೂ ಒಂದೇ ತಿಜೋರಿಯಲ್ಲಿಲ್ಲ

2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಪೊಲೀಸ್ ಅಧಿಕಾರಿಯೊಬ್ಬನ ಮೊಣಕಾಲಿನಡಿ ಸಿಲುಕಿ ಜಾರ್ಜ್ ಫ್ಲಾಯ್ಡ್ ಸತ್ತ ಮೇಲೆ ಅಮೆರಿಕದ ನಗರಗಳಲ್ಲಿ ಎದ್ದ ಪ್ರತಿಭಟನೆಗಳು ಕೆಲವೇ ವಾರಗಳಲ್ಲಿ ಬಜೆಟ್ ಪುಸ್ತಕದ ಪುಟಗಳತ್ತ ತಿರುಗಿದವು. ಪೊಲೀಸರಿಗೆ ಕೊಡುವ ಹಣವನ್ನು ಕಡಿದು ಶಾಲೆಗಳಿಗೆ ಕೊಡಿ ಎಂಬುದು ಊರೂರಿನ ಬೇಡಿಕೆಯಾಯಿತು. ಜೂನ್ ಕೊನೆಯ ವಾರ ನ್ಯೂಯಾರ್ಕ್‌ನ ಸಿಟಿ ಹಾಲ್ ಪಕ್ಕದ ಉದ್ಯಾನದಲ್ಲಿ ಬಿಡಾರ ಹೂಡಿದ್ದವರು ಕೇಳಿದ್ದಂತೂ ಖಚಿತವಾದ ಮೊತ್ತವನ್ನೇ: ಸುಮಾರು 600 ಕೋಟಿ ಡಾಲರ್‌ಗಳ ಪೊಲೀಸ್ ಬಜೆಟ್‌ನಿಂದ 100 ಕೋಟಿ ಡಾಲರ್ ತೆಗೆಯಬೇಕು. ಜುಲೈ 1ರಂದು ಹೊಸ ಹಣಕಾಸು ವರ್ಷ ಆರಂಭವಾಗುವ ಹೊತ್ತಿಗೆ ಅಂಗೀಕಾರವಾದ ಸುಮಾರು 8,800 ಕೋಟಿ ಡಾಲರ್‌ಗಳ ನಗರ ಬಜೆಟ್‌ನಲ್ಲಿ ಆ ಬೇಡಿಕೆ ಈಡೇರಿದೆ ಎಂದು ಮೇಯರ್ ಬಿಲ್ ಡಿ ಬ್ಲಾಸಿಯೊ ಹೇಳಿದರು.

ಆ ನೂರು ಕೋಟಿಯ ಒಂದು ದೊಡ್ಡ ಪಾಲು ಬಂದದ್ದು ವಿಚಿತ್ರವಾದ ಒಂದು ಬಾಬ್ತಿನಿಂದ. ನ್ಯೂಯಾರ್ಕ್‌ನ ಸರ್ಕಾರಿ ಶಾಲೆಗಳ ಬಾಗಿಲು ಕಾಯುವ ಸುಮಾರು 5,000 ಭದ್ರತಾ ಸಿಬ್ಬಂದಿ 1998ರಿಂದ ಪೊಲೀಸ್ ಇಲಾಖೆಯ ಅಧೀನದಲ್ಲಿದ್ದರು. ಅವರನ್ನು ಶಿಕ್ಷಣ ಇಲಾಖೆಗೆ ವರ್ಗಾಯಿಸುತ್ತೇವೆ ಎಂದು ಬರೆದರೆ ಸಾಕು, ಪೊಲೀಸ್ ಬಜೆಟ್ ಅಷ್ಟರಮಟ್ಟಿಗೆ ಇಳಿಯುತ್ತದೆ, ಶಿಕ್ಷಣದ ಬಜೆಟ್ ಅಷ್ಟೇ ಏರುತ್ತದೆ. ಆದರೆ ಮಾರನೆಯ ಬೆಳಿಗ್ಗೆ ಅದೇ ಶಾಲೆಯ ಅದೇ ಬಾಗಿಲಲ್ಲಿ ಅದೇ ವ್ಯಕ್ತಿ ಅದೇ ಸಂಬಳಕ್ಕೆ ನಿಂತಿರುತ್ತಾರೆ, ಒಂದು ತರಗತಿಗೂ ಹೊಸ ಶಿಕ್ಷಕರು ಬಂದಿರುವುದಿಲ್ಲ. ಕೊನೆಗೆ ಆ ವರ್ಗಾವಣೆಯೂ ನಡೆಯಲಿಲ್ಲ. ಮುಂದೆ ಮೇಯರ್ ಆದ ಎರಿಕ್ ಆಡಮ್ಸ್ ಅದನ್ನು ಕೈಬಿಟ್ಟರು. ಈ ಚರ್ಚೆಯಲ್ಲಿ ಮುಂದಿಡುವ ಅಂಕಿಗಳನ್ನು ಏಕೆ ಒಂದೊಂದಾಗಿ ಬಿಡಿಸಿ ನೋಡಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಇಷ್ಟಾದರೂ ನ್ಯೂಯಾರ್ಕ್‌ನಲ್ಲಿ ಆ ಬೇಡಿಕೆಯನ್ನು ಸಿಟಿ ಹಾಲ್ ಮುಂದೆ ಇಡುವುದರಲ್ಲಿ ಅರ್ಥವಿತ್ತು. 2002ರಿಂದ ಅಲ್ಲಿನ ಶಾಲೆಗಳು ಮೇಯರ್ ಹತೋಟಿಯಲ್ಲಿವೆ; ಪೊಲೀಸರ ಸಂಬಳ ಮತ್ತು ಶಿಕ್ಷಕರ ಸಂಬಳ ಒಂದೇ ಬಜೆಟ್‌ನ ಎರಡು ಬಾಬ್ತುಗಳು, ಅವುಗಳಲ್ಲಿ ಶಿಕ್ಷಣದ್ದು ಪೊಲೀಸರದಕ್ಕಿಂತ ಸುಮಾರು ಐದು ಪಟ್ಟು ದೊಡ್ಡದು. ಅಮೆರಿಕದ ಬಹುತೇಕ ನಗರಗಳಲ್ಲಿ ವ್ಯವಸ್ಥೆ ಹೀಗಿಲ್ಲ. ದೇಶದಲ್ಲಿ ಸುಮಾರು 13,000 ಶಾಲಾ ಜಿಲ್ಲೆಗಳಿವೆ. ಇಲ್ಲಿ ಜಿಲ್ಲೆ ಎಂದರೆ ಕಂದಾಯ ಆಡಳಿತದ ಜಿಲ್ಲೆಯಲ್ಲ, ಶಾಲೆಗಳನ್ನು ನಡೆಸಲೆಂದೇ ಇರುವ ಪ್ರತ್ಯೇಕ ಸ್ಥಳೀಯ ಸರ್ಕಾರ. ಅದಕ್ಕೆ ತನ್ನದೇ ಚುನಾಯಿತ ಮಂಡಳಿ, ತನ್ನದೇ ಗಡಿ, ಸಾಮಾನ್ಯವಾಗಿ ತನ್ನದೇ ಆಸ್ತಿ ತೆರಿಗೆಯ ಪಾಲು ಇರುತ್ತದೆ, ಮತ್ತು ಮೇಯರ್ ಅದರ ಲೆಕ್ಕದ ಪುಸ್ತಕವನ್ನು ಮುಟ್ಟುವಂತಿಲ್ಲ.

ಲಾಸ್ ಏಂಜಲೀಸ್‌ನಲ್ಲಿ ಇದು ಕಣ್ಣಿಗೆ ಕಾಣುವಂತಿದೆ. ಅಲ್ಲಿನ ಶಾಲಾ ಜಿಲ್ಲೆ ನಗರದ ಗಡಿ ದಾಟಿ ಅಕ್ಕಪಕ್ಕದ ಹಲವು ಪುಟ್ಟ ನಗರಗಳನ್ನೂ ಒಳಗೊಂಡಿದೆ; ಅದನ್ನು ನಡೆಸುವುದು ಏಳು ಮಂದಿಯ ಚುನಾಯಿತ ಮಂಡಳಿ. 2020ರ ಜುಲೈನಲ್ಲಿ ನಗರ ಮಂಡಳಿ ಪೊಲೀಸ್ ಇಲಾಖೆಯಿಂದ 15 ಕೋಟಿ ಡಾಲರ್ ಕಡಿತ ಮಾಡಿದಾಗ ಆ ಹಣ ಶಿಕ್ಷಕರ ಸಂಬಳದ ಖಾತೆಗೆ ಹರಿಯುವ ದಾರಿಯೇ ಇರಲಿಲ್ಲ. ಅದರ ಹಿಂದಿನ ದಿನವಷ್ಟೇ ಶಾಲಾ ಮಂಡಳಿಯು ಇನ್ನೊಂದು ನಿರ್ಧಾರ ಮಾಡಿತ್ತು. ಆ ಶಾಲಾ ಜಿಲ್ಲೆಗೆ ತನ್ನದೇ ಆದ ಪೊಲೀಸ್ ಪಡೆಯಿದೆ. ಅದರ ಸುಮಾರು 7 ಕೋಟಿ ಡಾಲರ್‌ಗಳ ಬಜೆಟ್‌ನಿಂದ ಮಂಡಳಿ 2.5 ಕೋಟಿ ಡಾಲರ್ ತೆಗೆಯಿತು, ಮುಂದಿನ ಫೆಬ್ರುವರಿಯಲ್ಲಿ ಆ ಹಣವನ್ನು ಕಪ್ಪು ವಿದ್ಯಾರ್ಥಿಗಳ ಕಲಿಕೆಯ ಯೋಜನೆಗೆ ತಿರುಗಿಸಿತು. ಪೊಲೀಸರ ದುಡ್ಡು ನಿಜವಾಗಿ ಶಾಲೆಯ ದುಡ್ಡಾದದ್ದು ಇಲ್ಲಿ, ಹಣ ಕೊಡುವವರೂ ಪಡೆಯುವವರೂ ಒಂದೇ ಮಂಡಳಿಯಾಗಿದ್ದ ಜಾಗದಲ್ಲಿ. ಸುದ್ದಿಯ ಬಹುಪಾಲು ಮಾತ್ರ ಸಿಟಿ ಹಾಲ್‌ನ ಮೆಟ್ಟಿಲ ಮೇಲೆಯೇ ಉಳಿಯಿತು.

ಶೇಕಡಾವಾರು ಲೆಕ್ಕದ ಜಗಳವೂ ಇದೇ ಬುಡದಿಂದ ಹುಟ್ಟುತ್ತದೆ. ಲಾಸ್ ಏಂಜಲೀಸ್‌ನ ಪೊಲೀಸ್ ಇಲಾಖೆಗೆ ಆ ವರ್ಷ ಮೇಯರ್ ಸೂಚಿಸಿದ್ದ ನಿರ್ವಹಣಾ ಬಜೆಟ್ ಸುಮಾರು 186 ಕೋಟಿ ಡಾಲರ್. ನಗರದ ಒಟ್ಟು 1,050 ಕೋಟಿ ಡಾಲರ್‌ಗಳ ಬಜೆಟ್‌ನಲ್ಲಿ ಇದು ಶೇ 18ಕ್ಕಿಂತ ಕಡಿಮೆ. ಪಿಂಚಣಿ, ಆರೋಗ್ಯ ವಿಮೆ ಮೊದಲಾದವನ್ನು ಸೇರಿಸಿ, ಬೇರೆ ಕಡೆ ಬಳಸಲಾಗದ ನಿಧಿಗಳನ್ನು ಬಿಟ್ಟು, ನಗರ ಮಂಡಳಿ ತನ್ನಿಚ್ಛೆಯಂತೆ ಹಂಚಬಹುದಾದ ಹಣಕ್ಕೆ ಮಾತ್ರ ಹೋಲಿಸಿದ ಪ್ರತಿಭಟನಕಾರರಿಗೆ ಅದೇ ಖರ್ಚು ಅರ್ಧಕ್ಕಿಂತ ಹೆಚ್ಚಾಗಿ ಕಂಡಿತು. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಛೇದ ಮಾತ್ರ ಬೇರೆಬೇರೆಯಾಗಿತ್ತು. ದೇಶದ ಮಟ್ಟಕ್ಕೆ ಹೋದರೆ ಚಿತ್ರ ತಲೆಕೆಳಗಾಗುತ್ತದೆ: 2021ರಲ್ಲಿ ರಾಜ್ಯ ಹಾಗೂ ಸ್ಥಳೀಯ ಸರ್ಕಾರಗಳೆಲ್ಲ ಸೇರಿ ಪೊಲೀಸರಿಗೆ ಮಾಡಿದ ಖರ್ಚು ಸುಮಾರು 13,500 ಕೋಟಿ ಡಾಲರ್, ಅಂದರೆ ಅವುಗಳ ಒಟ್ಟು ಸಾಮಾನ್ಯ ಖರ್ಚಿನ ಶೇ 4ರಷ್ಟು, ಶಾಲಾ ಶಿಕ್ಷಣಕ್ಕೆ ಹೋದದ್ದು ಸುಮಾರು ಐದನೆಯ ಒಂದು ಪಾಲು. ಶಾಲೆಗಳು ನಗರ ಬಜೆಟ್‌ನಲ್ಲಿ ಇಲ್ಲದ ಕಾರಣಕ್ಕೇ ಅಲ್ಲಿ ಪೊಲೀಸ್ ಇಲಾಖೆ ಅಷ್ಟು ದೊಡ್ಡದಾಗಿ ಕಾಣುತ್ತದೆ.

ಹಾಗಾದರೆ ಶಾಲೆಯ ಹಣ ಎಲ್ಲಿಂದ ಬರುತ್ತದೆ? ಒಕ್ಕೂಟ ಸರ್ಕಾರದಿಂದ ಬರುವುದು ಸಾಮಾನ್ಯ ವರ್ಷಗಳಲ್ಲಿ ಶೇ 8ರ ಆಸುಪಾಸು. ಉಳಿದದ್ದನ್ನು ರಾಜ್ಯಗಳೂ ಸ್ಥಳೀಯ ತೆರಿಗೆಗಳೂ ಹೆಚ್ಚುಕಡಿಮೆ ಅರ್ಧರ್ಧ ಹೊರುತ್ತವೆ. ಪೊಲೀಸರ ಖರ್ಚಾದರೋ ಶೇ 85ಕ್ಕೂ ಹೆಚ್ಚು ಸ್ಥಳೀಯ ಸರ್ಕಾರಗಳದ್ದೇ. ಸ್ಥಳೀಯ ತೆರಿಗೆ ಎಂದರೆ ಶಾಲೆಗಳ ಮಟ್ಟಿಗೆ ಮುಖ್ಯವಾಗಿ ಆಸ್ತಿ ತೆರಿಗೆ, ಮತ್ತು ಆಸ್ತಿ ತೆರಿಗೆ ಎಂದರೆ ಮನೆಗಳ ಬೆಲೆ ಹೆಚ್ಚಿರುವ ಕಡೆ ಹೆಚ್ಚು ಹಣ. ಇದರ ಅನ್ಯಾಯವನ್ನು ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದ ಎರಡು ನೆರೆಹೊರೆಯ ಶಾಲಾ ಜಿಲ್ಲೆಗಳಷ್ಟು ಚೆನ್ನಾಗಿ ಬೇರಾವುವೂ ತೋರಿಸಿಲ್ಲ. 1967-68ರಲ್ಲಿ ಬಡ ಎಡ್ಜ್‌ವುಡ್ ಜಿಲ್ಲೆಯ ಜನ ಶ್ರೀಮಂತ ಅಲಾಮೊ ಹೈಟ್ಸ್‌ನವರಿಗಿಂತ ಹೆಚ್ಚಿನ ದರದಲ್ಲಿ ತೆರಿಗೆ ಕಟ್ಟುತ್ತಿದ್ದರು. ಆದರೂ ಸ್ಥಳೀಯವಾಗಿ ಎಡ್ಜ್‌ವುಡ್‌ಗೆ ಪ್ರತಿ ವಿದ್ಯಾರ್ಥಿಗೆ ದಕ್ಕಿದ್ದು 26 ಡಾಲರ್, ಅಲಾಮೊ ಹೈಟ್ಸ್‌ಗೆ 333 ಡಾಲರ್. ಇದನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ 1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಶಿಕ್ಷಣವು ಒಕ್ಕೂಟ ಸಂವಿಧಾನ ರಕ್ಷಿಸುವ ಮೂಲಭೂತ ಹಕ್ಕಲ್ಲ ಎಂದು ಐದಕ್ಕೆ ನಾಲ್ಕರ ಬಹುಮತದಿಂದ ತೀರ್ಪಿತ್ತಿತು.

ಅಲ್ಲಿಂದ ಹೋರಾಟ ರಾಜ್ಯಗಳ ನ್ಯಾಯಾಲಯಗಳಿಗೆ ಹೊರಳಿತು. ಒಂದೊಂದಾಗಿ ಹಲವು ರಾಜ್ಯಗಳು ಶಾಲಾ ಹಣದ ಸೂತ್ರವನ್ನು ತಿದ್ದಬೇಕಾಯಿತು. ಕ್ಯಾಲಿಫೋರ್ನಿಯಾದಲ್ಲಿ 1978ರಲ್ಲಿ ಮತದಾರರು ಅಂಗೀಕರಿಸಿದ 13ನೆಯ ಪ್ರಸ್ತಾವವು ಆಸ್ತಿ ತೆರಿಗೆಯನ್ನು ಮೌಲ್ಯದ ಶೇ 1ಕ್ಕೆ ಮಿತಿಗೊಳಿಸಿ, ಮೌಲ್ಯಮಾಪನ ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರದಂತೆ ಕಟ್ಟಿಹಾಕಿದ ಮೇಲೆ ಶಾಲೆಗಳ ಹಣದ ಕೀಲಿಕೈ ಹೆಚ್ಚುಕಡಿಮೆ ಪೂರ್ತಿಯಾಗಿ ರಾಜ್ಯದ ರಾಜಧಾನಿಗೆ ಹೋಯಿತು. ಟೆಕ್ಸಾಸ್‌ನಲ್ಲಿ ಎಡ್ಜ್‌ವುಡ್‌ನವರು 1989ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್‌ನಲ್ಲಿ ಗೆದ್ದರು. ಅದರ ಬೆನ್ನಿಗೆ 1993ರಲ್ಲಿ ಆಸ್ತಿವಂತ ಶಾಲಾ ಜಿಲ್ಲೆಗಳ ತೆರಿಗೆಯ ಒಂದು ಪಾಲನ್ನು ರಾಜ್ಯ ಹಿಂಪಡೆದು ಬಡ ಜಿಲ್ಲೆಗಳಿಗೆ ಹಂಚುವ ಕಾನೂನು ಬಂತು. ಹೀಗೆ ಅತಿ ಹೆಚ್ಚು ಹಣ ರಾಜ್ಯಕ್ಕೆ ಕಟ್ಟುವ ಶಾಲಾ ಜಿಲ್ಲೆ ಆಸ್ಟಿನ್ ನಗರದ್ದು. ಆಸ್ಟಿನ್‌ನ ಹೆಸರನ್ನು ನೆನಪಿನಲ್ಲಿಟ್ಟುಕೊಳ್ಳಿ, ಪೊಲೀಸರ ಕಥೆಯಲ್ಲೂ ಅದು ಬರುತ್ತದೆ.

ನಗರ ಬಜೆಟ್‌ನಲ್ಲಿ ಪೊಲೀಸ್ ಇಲಾಖೆಯ ನಿಜವಾದ ಪ್ರತಿಸ್ಪರ್ಧಿಗಳು ಶಾಲೆಗಳಲ್ಲ. ಗ್ರಂಥಾಲಯ, ಉದ್ಯಾನ, ರಸ್ತೆ ದುರಸ್ತಿ, ಹದಿಹರೆಯದವರ ಬೇಸಿಗೆ ಕಾರ್ಯಕ್ರಮ, ಮಾನಸಿಕ ಆರೋಗ್ಯ ಸೇವೆ ಇಂಥವು. ನಗರದ ಸಾಮಾನ್ಯ ನಿಧಿ ಎಂಬ ಒಂದೇ ಪಾತ್ರೆಗೆ ಇವೆಲ್ಲ ಕೈಹಾಕುತ್ತವೆ. ಕ್ಯಾಲಿಫೋರ್ನಿಯಾದ ವಲೇಹೊ ನಗರ 2008ರಲ್ಲಿ ದಿವಾಳಿ ಘೋಷಿಸಿದಾಗ ಅದರ ಸಾಮಾನ್ಯ ನಿಧಿಯ ಮುಕ್ಕಾಲು ಪಾಲಿನಷ್ಟು ಪೊಲೀಸ್ ಮತ್ತು ಅಗ್ನಿಶಾಮಕ ದಳಗಳ ಸಂಬಳ ಸವಲತ್ತುಗಳಿಗೇ ಹೋಗುತ್ತಿತ್ತು. ಮನೆಬೆಲೆ ಕುಸಿದು ಆದಾಯ ಇಳಿದಾಗ ಕಡಿಯಲು ಬೇರೇನೂ ಉಳಿದಿರಲಿಲ್ಲ.

ಪೊಲೀಸರನ್ನು ಕಡಿದರೆ ಏನಾಗುತ್ತದೆ ಎಂಬುದಕ್ಕೆ ನ್ಯೂಜೆರ್ಸಿಯ ಕ್ಯಾಮ್ಡೆನ್ ನಗರವನ್ನು ಎರಡೂ ಪಕ್ಷದವರು ಉದಾಹರಿಸುತ್ತಾರೆ, ಇಬ್ಬರೂ ಅರ್ಧ ಕಥೆಯನ್ನಷ್ಟೇ ಹೇಳುತ್ತಾರೆ. 2011ರ ಜನವರಿಯಲ್ಲಿ ಹಣದ ಕೊರತೆಯಿಂದ ಆ ನಗರ ತನ್ನ ಪೊಲೀಸರಲ್ಲಿ ಸುಮಾರು ಅರ್ಧದಷ್ಟು ಜನರನ್ನು ಮನೆಗೆ ಕಳಿಸಿತು. 2012ರಲ್ಲಿ ಸುಮಾರು 77,000 ಜನರ ಆ ಊರಿನಲ್ಲಿ 67 ಕೊಲೆಗಳಾದವು. 2013ರಲ್ಲಿ ನಗರದ ಪೊಲೀಸ್ ಇಲಾಖೆಯನ್ನೇ ವಿಸರ್ಜಿಸಿ ಕೌಂಟಿ (ಹಲವು ಊರುಗಳನ್ನು ಒಳಗೊಂಡ ಸ್ಥಳೀಯ ಆಡಳಿತ ಘಟಕ) ಆಡಳಿತದಡಿ ಹೊಸ ಪಡೆ ಕಟ್ಟಿದರು. ಹಳೆಯ ಸಂಬಳದ ಒಪ್ಪಂದ ರದ್ದಾದ್ದರಿಂದ ಅದೇ ಹಣಕ್ಕೆ ಹೆಚ್ಚು ಪೊಲೀಸರು ಬೀದಿಗಿಳಿದರು, ಬಲಪ್ರಯೋಗದ ನಿಯಮಗಳೂ ಮುಂದೆ ಬಿಗಿಯಾದವು, ದಶಕದ ಕೊನೆಗೆ ಕೊಲೆಗಳು ಅರ್ಧಕ್ಕಿಂತ ಕೆಳಗಿಳಿದವು. ಪೊಲೀಸ್ ಇಲಾಖೆಯನ್ನು ರದ್ದು ಮಾಡಿದ ನಗರ ಎಂದು ಕೆಲವರು ಹೊಗಳುವ ಊರಿನಲ್ಲಿ ನಡೆದದ್ದು ಪೊಲೀಸರ ಸಂಖ್ಯೆಯ ಹೆಚ್ಚಳ. ಅದೇ 2013ರಲ್ಲಿ ಅಲ್ಲಿನ ಶಾಲೆಗಳ ಆಡಳಿತವನ್ನು ರಾಜ್ಯ ಸರ್ಕಾರ ಕೈಗೆ ತೆಗೆದುಕೊಂಡಿತು. ಆ ಶಾಲೆಗಳ ಹಣದ ಬಹುಪಾಲು ರಾಜ್ಯದಿಂದಲೇ ಬರುತ್ತಿದ್ದುದರಿಂದ ಪೊಲೀಸರ ಏರಿಳಿತ ಅವುಗಳ ಲೆಕ್ಕದ ಪುಸ್ತಕದಲ್ಲಿ ಪ್ರತಿಫಲಿಸುವ ಕಾರಣವೇ ಇರಲಿಲ್ಲ.

ಕಡಿತ ಬೇಕೆಂದು ಮಂಡಳಿ ಒಪ್ಪಿದರೂ ಕೈಕಟ್ಟುವ ಕಾನೂನುಗಳು ಹಲವು. ಮಿನಿಯಾಪೊಲಿಸ್ ನಗರದ ಸನ್ನದಿನಲ್ಲಿಯೇ, ಅಂದರೆ ನಗರಾಡಳಿತದ ಮೂಲ ಕಾನೂನಿನಲ್ಲಿಯೇ, ಪ್ರತಿ ಸಾವಿರ ನಿವಾಸಿಗಳಿಗೆ 1.7 ಪೊಲೀಸರಿಗೆ ಹಣ ಒದಗಿಸಬೇಕೆಂಬ ನಿಯಮವಿದೆ. ಇಲಾಖೆಯನ್ನೇ ಬದಲಿಸುತ್ತೇವೆ ಎಂದು 2020ರ ಜೂನ್‌ನಲ್ಲಿ ವೇದಿಕೆಯೇರಿ ಘೋಷಿಸಿದ ಮಂಡಳಿ ಸದಸ್ಯರಿಗೆ ಡಿಸೆಂಬರ್ ಹೊತ್ತಿಗೆ ಸುಮಾರು 17.9 ಕೋಟಿ ಡಾಲರ್‌ಗಳ ಬಾಬ್ತಿನಿಂದ ತೆಗೆಯಲಾದದ್ದು 80 ಲಕ್ಷ ಡಾಲರ್. ಸನ್ನದನ್ನು ತಿದ್ದುವ ಪ್ರಸ್ತಾವವನ್ನು 2021ರ ನವೆಂಬರ್‌ನಲ್ಲಿ ಶೇ 56ರಷ್ಟು ಮತದಾರರು ತಿರಸ್ಕರಿಸಿದರು; ಮರುವರ್ಷ ರಾಜ್ಯದ ಸುಪ್ರೀಂ ಕೋರ್ಟ್, ಮೇಯರ್ 731 ಪೊಲೀಸರನ್ನು ನೇಮಿಸಿಕೊಳ್ಳಬೇಕು, ಇಲ್ಲವೇ ಏಕೆ ಸಾಧ್ಯವಿಲ್ಲವೆಂದು ವಿವರಿಸಬೇಕು ಎಂದಿತು. ಇದೇ ನಗರ 2021ರ ಮಾರ್ಚ್‌ನಲ್ಲಿ ಫ್ಲಾಯ್ಡ್ ಕುಟುಂಬಕ್ಕೆ ಕೊಡಲು ಒಪ್ಪಿದ ಪರಿಹಾರ 2.7 ಕೋಟಿ ಡಾಲರ್, ಅಂದರೆ ಆ ಕಡಿತದ ಮೂರು ಪಟ್ಟಿಗೂ ಹೆಚ್ಚು. ಇಂತಹ ಪರಿಹಾರಗಳು ಬಹುತೇಕ ನಗರಗಳಲ್ಲಿ ಪೊಲೀಸ್ ಇಲಾಖೆಯ ಬಾಬ್ತಿನಲ್ಲಿ ಕಾಣುವುದೇ ಇಲ್ಲ. ನಗರದ ಬೇರೊಂದು ನಿಧಿ ಅವನ್ನು ಭರಿಸುತ್ತದೆ. ಪೊಲೀಸ್ ವ್ಯವಸ್ಥೆಯ ನಿಜವಾದ ಬೆಲೆ ಅದರ ಹೆಸರಿನ ಪುಟದಲ್ಲಿ ಪೂರ್ತಿ ಇರುವುದಿಲ್ಲ ಎಂಬ ಆಕ್ಷೇಪ ನನ್ನ ದೃಷ್ಟಿಯಲ್ಲಿ ಈ ಚಳವಳಿಯ ಅತಿ ಬಲವಾದ ವಾದ, ಆದರೆ ಘೋಷಣೆಯಾಗಲು ಅದು ತುಂಬ ಉದ್ದ.

ಈಗ ಆಸ್ಟಿನ್. 2020ರ ಆಗಸ್ಟ್‌ನಲ್ಲಿ ಅಲ್ಲಿನ ಮಂಡಳಿ ಸುಮಾರು 43.4 ಕೋಟಿ ಡಾಲರ್‌ಗಳ ಪೊಲೀಸ್ ಬಜೆಟ್‌ನ ಮೂರನೆಯ ಒಂದು ಪಾಲನ್ನು ಕಡಿಯಲು ಒಪ್ಪಿತು. ತಕ್ಷಣದ ಕಡಿತ ಸಣ್ಣದು. ಹೆಚ್ಚಿನದು ವಿಧಿವಿಜ್ಞಾನ ಪ್ರಯೋಗಾಲಯ, ತುರ್ತು ಕರೆ ಕೇಂದ್ರ ಮುಂತಾದ ವಿಭಾಗಗಳನ್ನು ಇಲಾಖೆಯಿಂದ ಹೊರಗಿಡುವ ಯೋಜನೆ. ಮರುವರ್ಷವೇ ಟೆಕ್ಸಾಸ್ ಶಾಸನಸಭೆ, ಎರಡೂವರೆ ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರ ಪೊಲೀಸ್ ಬಜೆಟ್ ಇಳಿಸಿದರೆ ಅದರ ತೆರಿಗೆ ಅಧಿಕಾರವನ್ನೇ ಮೊಟಕುಗೊಳಿಸುವ ಕಾನೂನು ಮಾಡಿತು. ಆಸ್ಟಿನ್ 44.2 ಕೋಟಿ ಡಾಲರ್‌ಗಳೊಂದಿಗೆ ಮೊದಲಿಗಿಂತ ಮೇಲೆ ಹೋಯಿತು. ಪೊಲೀಸರ ಹಣ ಕಡಿಯದಂತೆ ತಡೆದದ್ದೂ ಶಾಲೆಯ ತೆರಿಗೆಯ ಪಾಲನ್ನು ಹೊರಗೊಯ್ಯುವುದೂ ಒಂದೇ ರಾಜ್ಯ ಸರ್ಕಾರ ಎಂದ ಮೇಲೆ ಈ ಎರಡರ ನಡುವಿನ ಆಯ್ಕೆ ನಗರದ್ದು ಎನ್ನುವುದೇ ಅರ್ಧ ತಪ್ಪು.

ಹಣದ ದಾರಿ ಇಷ್ಟು ಜಟಿಲವಾದರೂ ಯಾವ ಖರ್ಚು ಏನು ಫಲ ಕೊಡುತ್ತದೆ ಎಂಬ ಪ್ರಶ್ನೆ ತಪ್ಪಿದ್ದಲ್ಲ, ಮತ್ತು ಇಲ್ಲಿ ಅಧ್ಯಯನಗಳು ಯಾವ ಪಕ್ಷಕ್ಕೂ ಪೂರ್ತಿ ಹಿತವಾಗಿಲ್ಲ. ಪೊಲೀಸರ ಸಂಖ್ಯೆ ಹೆಚ್ಚಿದರೆ ಕೊಲೆ ಕಡಿಮೆಯಾಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿದೆ: ಅಪರಾಧಶಾಸ್ತ್ರಜ್ಞ ಆರನ್ ಚಾಲ್ಫಿನ್ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಹೆಚ್ಚುವರಿ 10ರಿಂದ 17 ಪೊಲೀಸರಿಗೆ ವರ್ಷಕ್ಕೆ ಒಂದು ಕೊಲೆ ತಪ್ಪುತ್ತದೆ, ಜನಸಂಖ್ಯೆಗೆ ಹೋಲಿಸಿದರೆ ಹೀಗೆ ಉಳಿಯುವ ಕಪ್ಪು ಜನರ ಜೀವಗಳು ಬಿಳಿಯರದಕ್ಕಿಂತ ದುಪ್ಪಟ್ಟು. ಅದೇ ಅಧ್ಯಯನ ಇನ್ನೊಂದನ್ನೂ ಹೇಳುತ್ತದೆ: ಹೆಚ್ಚುವರಿ ಪೊಲೀಸರು ಸಣ್ಣಪುಟ್ಟ ಅಪರಾಧಗಳಿಗೆ ಮಾಡುವ ಬಂಧನಗಳೂ ಹೆಚ್ಚುತ್ತವೆ, ಅವೂ ಕಪ್ಪು ಜನರ ಮೇಲೆಯೇ ಹೆಚ್ಚು ಬೀಳುತ್ತವೆ. ಒಂದೇ ಸಮುದಾಯ ರಕ್ಷಣೆಯ ದೊಡ್ಡ ಪಾಲನ್ನೂ ಕಿರುಕುಳದ ದೊಡ್ಡ ಪಾಲನ್ನೂ ಪಡೆಯುತ್ತದೆ. ಅಲ್ಲಿನ ನಿವಾಸಿಗಳು ಪೊಲೀಸರು ಬೇಕು, ಹೀಗೆ ಬೇಡ ಎನ್ನುವುದು ಗೊಂದಲವಲ್ಲ, ಈ ಅನುಭವದ ನಿಖರ ವರದಿ.

ಶಾಲೆಯ ಕಡೆಗೆ ಬಂದರೆ, ಮೇಲೆ ಹೇಳಿದ ರಾಜ್ಯ ನ್ಯಾಯಾಲಯಗಳ ತೀರ್ಪುಗಳೇ ಸಂಶೋಧಕರಿಗೆ ಪ್ರಯೋಗಶಾಲೆಯಾದವು. ತೀರ್ಪಿನಿಂದಾಗಿ ಹಠಾತ್ತನೆ ಹಣ ಹೆಚ್ಚಿದ ಶಾಲೆಗಳ ಮಕ್ಕಳನ್ನು ಅವರು ದೊಡ್ಡವರಾಗುವವರೆಗೆ ಹಿಂಬಾಲಿಸಿದ ಕಿರಾಬೊ ಜಾಕ್ಸನ್, ರಕರ್ ಜಾನ್ಸನ್ ಮತ್ತು ಕ್ಲಾಡಿಯಾ ಪರ್ಸಿಕೊ 2016ರಲ್ಲಿ ತೋರಿಸಿದಂತೆ, ಹನ್ನೆರಡೂ ವರ್ಷ ತಲಾ ವೆಚ್ಚ ಶೇ 10ರಷ್ಟು ಹೆಚ್ಚಿದ್ದರೆ ಮುಂದೆ ಅವರ ವೇತನ ಸುಮಾರು ಶೇ 7ರಷ್ಟು ಹೆಚ್ಚುತ್ತದೆ, ಬಡತನ ಇಳಿಯುತ್ತದೆ. ಓದಿಗೂ ಅಪರಾಧಕ್ಕೂ ನೇರ ನಂಟಿದೆ ಎಂಬುದನ್ನು ಲಾನ್ಸ್ ಲಾಕ್ನರ್ ಮತ್ತು ಎನ್ರಿಕೊ ಮೊರೆಟ್ಟಿ 2004ರಲ್ಲೇ ತೋರಿಸಿದ್ದರು: ಹೈಸ್ಕೂಲು ಮುಗಿಸುವ ಗಂಡುಮಕ್ಕಳ ಪ್ರಮಾಣ ಶೇ 1ರಷ್ಟು ಏರಿದರೆ ಅಪರಾಧ ತಗ್ಗಿ ದೇಶಕ್ಕೆ ವರ್ಷಕ್ಕೆ 140 ಕೋಟಿ ಡಾಲರ್‌ಗಳವರೆಗೆ ಉಳಿತಾಯವಾಗುತ್ತದೆ ಎಂಬುದು ಅವರ ಅಂದಾಜು.

ಎರಡೂ ಫಲ ಕೊಡುತ್ತವೆ. ಫಲ ಬರುವ ಋತು ಬೇರೆ. ಪೊಲೀಸರ ಖರ್ಚಿನ ಪರಿಣಾಮ ಈ ಬೇಸಿಗೆಯಲ್ಲೇ ಕಾಣಬಹುದು, ಒಂದನೆಯ ತರಗತಿಗೆ ಹಾಕಿದ ಹಣ ಹನ್ನೆರಡು ಹದಿನೈದು ವರ್ಷ ಬಿಟ್ಟು ಕಾಣುತ್ತದೆ, ಮೇಯರ್ ಚುನಾವಣೆ ಮಾತ್ರ ಸಾಮಾನ್ಯವಾಗಿ ನಾಲ್ಕು ವರ್ಷಕ್ಕೊಮ್ಮೆ ಬರುತ್ತದೆ. ಇದರ ಮೇಲೆ ಒಕ್ಕೂಟ ಸರ್ಕಾರದ ಹಣ ತನ್ನದೇ ಗಡಿಯಾರ ಹಿಡಿದು ಬರುತ್ತದೆ. ಹೊಸ ಪೊಲೀಸರ ನೇಮಕಕ್ಕೆ 1994ರ ಕಾನೂನಿನಡಿ ಸಿಗುವ ಅನುದಾನ ಮೂರು ವರ್ಷ ಸಂಬಳದ ಶೇ 75ರವರೆಗೆ ಭರಿಸುತ್ತದೆ, ಆಮೇಲೆ ಪೂರ್ತಿ ಭಾರ ನಗರದ್ದು. ಕೋವಿಡ್ ಕಾಲದಲ್ಲಿ ಶಾಲೆಗಳಿಗೆ ಬಂದ ಸುಮಾರು 19,000 ಕೋಟಿ ಡಾಲರ್‌ಗಳ ಕೊನೆಯ ಕಂತನ್ನು 2024ರ ಸೆಪ್ಟೆಂಬರ್‌ನೊಳಗೆ ಖರ್ಚಿಗೆ ಗೊತ್ತುಪಡಿಸಬೇಕಾಗಿತ್ತು; ಆ ಹಣದಲ್ಲಿ ನೇಮಿಸಿದ ಆಪ್ತಸಲಹೆಗಾರರೂ ಸಹಾಯಕ ಶಿಕ್ಷಕರೂ ಮುಂದೆ ಯಾರ ಬಾಬ್ತು ಎಂಬ ಪ್ರಶ್ನೆಯೊಂದಿಗೆ ಶಾಲಾ ಮಂಡಳಿಗಳು ಉಳಿದವು.

ಇವೆರಡರ ನಡುವೆ, ಯಾವ ತಿಜೋರಿಗೂ ಪೂರ್ತಿ ಸೇರದ ಕೆಲವು ಕೆಲಸಗಳಿವೆ, ನನ್ನ ಮಟ್ಟಿಗೆ ಚರ್ಚೆ ನಡೆಯಬೇಕಾದದ್ದು ಅವುಗಳ ಬಗ್ಗೆ. 2012ರಲ್ಲಿ ಶಿಕಾಗೊದ 13 ಹೈಸ್ಕೂಲುಗಳ 1,634 ವಿದ್ಯಾರ್ಥಿಗಳಲ್ಲಿ ಲಾಟರಿ ಎತ್ತಿ ಆಯ್ದವರಿಗೆ ಎಂಟು ವಾರಗಳ ಅರೆಕಾಲಿಕ ಬೇಸಿಗೆ ಕೆಲಸ ಕೊಟ್ಟರು. ಹದಿನಾರು ತಿಂಗಳಲ್ಲಿ ಹಿಂಸಾತ್ಮಕ ಅಪರಾಧಕ್ಕಾಗಿ ಅವರ ಬಂಧನಗಳು, ಕೆಲಸ ಸಿಗದವರಿಗೆ ಹೋಲಿಸಿದರೆ ಶೇ 43ರಷ್ಟು ಕಡಿಮೆಯಾಗಿದ್ದವು ಎಂದು ಸಾರಾ ಹೆಲ್ಲರ್ 2014ರಲ್ಲಿ ವರದಿ ಮಾಡಿದರು. ಡೆನ್ವರ್‌ನಲ್ಲಿ 2020ರ ಜೂನ್‌ನಿಂದ ಕೆಲವು ತುರ್ತು ಕರೆಗಳಿಗೆ ಪೊಲೀಸರ ಬದಲು ಮಾನಸಿಕ ಆರೋಗ್ಯ ತಜ್ಞರೂ ವೈದ್ಯಕೀಯ ಸಹಾಯಕರೂ ಹೋಗತೊಡಗಿದರು. ಅಂತಹ ಸಣ್ಣ ಅಪರಾಧಗಳ ವರದಿ ಆ ಪ್ರದೇಶಗಳಲ್ಲಿ ಶೇ 34ರಷ್ಟು ಇಳಿಯಿತು. ಶಾಲೆಯೊಳಗಿನ ಪೊಲೀಸರ ವಿಷಯ ಇಷ್ಟು ಸರಳವಾಗಿ ಬಗೆಹರಿಯಲಿಲ್ಲ: ಅದೇ ಡೆನ್ವರ್‌ನ ಶಾಲಾ ಮಂಡಳಿ 2020ರಲ್ಲಿ ಅವರನ್ನು ಹೊರಗಿಡಲು ತೀರ್ಮಾನಿಸಿ, 2023ರಲ್ಲಿ ಹೈಸ್ಕೂಲೊಂದರಲ್ಲಿ ಗುಂಡು ಹಾರಿದ ಮೇಲೆ ವಾಪಸು ಕರೆಸಿಕೊಂಡಿತು.

ಎರಡು ತಿಜೋರಿಗಳು ಬೇರೆ ಎಂದಮಾತ್ರಕ್ಕೆ ನಡುವಿನ ಗೋಡೆ ಗಟ್ಟಿ ಎಂದಲ್ಲ. ಶಿಕಾಗೊದಲ್ಲಿ ಶಾಲಾ ಜಿಲ್ಲೆ ಪ್ರತ್ಯೇಕ ಸರ್ಕಾರವೇ ಆದರೂ 1995ರಿಂದ ಅದರ ಮಂಡಳಿಯನ್ನು ಮೇಯರ್ ನೇಮಿಸುತ್ತಿದ್ದರು, ಮತ್ತು ಶಿಕ್ಷಕರಲ್ಲದ ಶಾಲಾ ನೌಕರರ ಪಿಂಚಣಿ ನಗರದ ಪಿಂಚಣಿ ನಿಧಿಯಲ್ಲಿದೆ. ಆ ನಿಧಿಗೆ 17.5 ಕೋಟಿ ಡಾಲರ್ ಕಟ್ಟುವವರು ಯಾರು ಎಂಬ ಜಗಳ 2024ರಲ್ಲಿ ಸ್ಫೋಟಿಸಿತು. ನಗರ ತನ್ನ ಕೊರತೆಯನ್ನು ತುಂಬಿಕೊಳ್ಳಲು ಶಾಲಾ ಜಿಲ್ಲೆ ಕಟ್ಟಲಿ ಎಂದಿತು, ಸಾಲ ಮಾಡಿ ಕಟ್ಟಲಾರೆವು ಎಂದು ಶಾಲೆಗಳ ಮುಖ್ಯಾಧಿಕಾರಿ ಪೆಡ್ರೊ ಮಾರ್ಟಿನೆಜ್ ಪಟ್ಟುಹಿಡಿದರು. ವಿಚಿತ್ರವೆಂದರೆ ಮೇಯರ್ ಬ್ರ್ಯಾಂಡನ್ ಜಾನ್ಸನ್ ಸ್ವತಃ ಶಿಕ್ಷಕರಾಗಿದ್ದವರು, ಶಿಕ್ಷಕರ ಸಂಘದ ಸಂಘಟಕರಾಗಿ ಬೆಳೆದವರು. ಅಕ್ಟೋಬರ್‌ನಲ್ಲಿ ಶಾಲಾ ಮಂಡಳಿಯ ಏಳೂ ಸದಸ್ಯರು ರಾಜೀನಾಮೆ ಪ್ರಕಟಿಸಿದರು, ಡಿಸೆಂಬರ್‌ನಲ್ಲಿ ಹೊಸ ಮಂಡಳಿ ಮಾರ್ಟಿನೆಜ್ ಅವರನ್ನು ವಜಾ ಮಾಡಿತು. 2025ರ ಜನವರಿಯಲ್ಲಿ ಭಾಗಶಃ ಚುನಾಯಿತವಾದ 21 ಸದಸ್ಯರ ಮಂಡಳಿ ಅಧಿಕಾರ ವಹಿಸಿಕೊಂಡಾಗ ಆ ಬಿಲ್ಲು ಇನ್ನೂ ಮೇಜಿನ ಮೇಲೇ ಇತ್ತು.